ನಮ್ಮ ಅತ್ತೆ ಕುಡಿಯದ ಚಹಾ

ನ್ಯೂಜಿಲೆಂಡಿನಲ್ಲಿ ಹಾವಿಲ್ಲ, ಹುಲಿಯಿಲ್ಲ, ಕರಡಿಯಿಲ್ಲ. ಜನ ಬರಿಗಾಲಿನಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬರುತ್ತಾರೆ. ಇಂಥ ನಿರ್ಭಯ ದೇಶದಲ್ಲೂ ನಮ್ಮ ಕ್ಷೇತ್ರದ ಸಂಸದರು ಒಂದು ಜೀವಕ್ಕೆ ಹೆದರುತ್ತಾರೆ. ಆ ಜೀವ ಸದ್ಯ ರೊಟೊಟೂನ ಬಡಾವಣೆಯ ನಮ್ಮ ಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದೆ. ನನ್ನ ಅತ್ತೆ! ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾರೆ, ಗಾಳಿ ಜೋರಾದರೆ ನಾವೇ ಕೈ ಹಿಡಿದುಕೊಳ್ಳಬೇಕು. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿದರೆ ಸಂಸದರನ್ನೇ ಕೇಳಿ ನೋಡಿ.

ಹುಬ್ಬಳ್ಳಿಯಿಂದ ಅವರು ಬಂದಾಗ ನಮಗಿದ್ದದ್ದು ಒಂದೇ ಚಿಂತೆ, ಹೊತ್ತು ಹೇಗೆ ಕಳೆಯುತ್ತಾರೆ ಎಂದು. ಇರುವಷ್ಟು ಕನ್ನಡ ಧಾರಾವಾಹಿಗಳನ್ನೆಲ್ಲ ಟೀವಿಗೆ ತರಿಸಿಕೊಟ್ಟೆವು. ಒಂದು ವಾರ ನೋಡಿದರು, ಆ ಅತ್ತೆ ಸೊಸೆಯರ ಜಗಳ ಕೇಳಿ ತಲೆನೋವು ಬಂತೆಂದು ಟೀವಿ ಆರಿಸಿದರು. ಆಮೇಲೆ ಬೇಲಿಯ ಆಚೆಯ ಮನೆಯ ನಿವೃತ್ತ ನರ್ಸ್ ಜೊತೆ ಸ್ನೇಹ ಬೆಳೆಯಿತು. ಆ ಕಡೆಯಿಂದ ನಿಂಬೆಹಣ್ಣು ಬಂತು, ಈ ಕಡೆಯಿಂದ ಶೇಂಗಾ ಚಟ್ನಿ ಹೋಯಿತು. ಶಾಲೆಯಲ್ಲಿ ಮೂರನೇ ಇಯತ್ತೆಗೆ ಪಾಠ ಹೇಳಿ ನಿವೃತ್ತರಾದ ಅತ್ತೆಯ ಇಂಗ್ಲಿಷು ನಿಂಬೆಹಣ್ಣಿನ ಮಟ್ಟಿಗೆ ಧಾರಾಳ ಸಾಕಾಗಿತ್ತು. ಒಂದು ಶನಿವಾರ ಇಬ್ಬರೂ ಕೂಡಿ ಲೈಬ್ರರಿಗೆ ಹೋದರು. ಹೆಣಿಗೆ ಕಲಿಯಲು ಹೋಗಿರಬೇಕು ಎಂದುಕೊಂಡೆ.

ಸಂಜೆ ಬಂದವರೇ ಚಪ್ಪಲಿ ಬಿಡುತ್ತ ಹೇಳಿದರು, "ಬಡತನ ತೆಗಿಯೂ ಸಂಘ ಐತಿ. ಸೇರೀನಿ."

"ಯಾವ ಊರಿನ ಬಡತನ, ಅತ್ತಿ?"

"ಎಲ್ಲಾ ಊರಿಂದೂ."

ಜಗತ್ತಿನ ಬಡತನ ತೆಗೆಯಲು ಹೊರಟ ಆ ಸಂಘ ಎಷ್ಟು ದೊಡ್ಡದು ಅಂತೀರಿ? ಎಲ್ಲರನ್ನೂ ಒಂದು ವ್ಯಾನಿನಲ್ಲಿ ಕೂರಿಸಬಹುದು! ನಿವೃತ್ತ ನರ್ಸ್, ಒಬ್ಬ ಹೈನುಗಾರ, ಕೂದಲಿಗೆ ನೇರಳೆ ಬಣ್ಣ ಹಾಕಿಕೊಂಡ ಒಬ್ಬ ಕಾಲೇಜು ಹುಡುಗಿ, ಇನ್ನೂ ಕೆಲವರು. ಇವರು ಹಣ ಎತ್ತುವುದಿಲ್ಲ, ಬಟ್ಟೆ ಹಂಚುವುದಿಲ್ಲ. ತಮ್ಮ ಸಂಸದರ ಕಚೇರಿಗೆ ಹೋಗಿ ಕೂರುತ್ತಾರೆ. ಒಂದೇ ಒಂದು ಕೆಲಸ ಕೇಳುತ್ತಾರೆ, ಕೇಳಿ ಸುಮ್ಮನಾಗುತ್ತಾರೆ, ಉತ್ತರ ಬರುವ ತನಕ ತುಟಿ ಬಿಚ್ಚುವುದಿಲ್ಲ. ಈ ಸುಮ್ಮನಿರುವ ವಿದ್ಯೆ ಕಲಿಯಲು ಬಾಕಿಯವರಿಗೆ ತಿಂಗಳುಗಟ್ಟಲೆ ಬೇಕಾಯಿತಂತೆ. ಗಲಾಟೆ ಮಾಡುವ ಮಕ್ಕಳನ್ನು ಬರೀ ನೋಟದಿಂದ ಕೂರಿಸಿದ್ದ ನಮ್ಮ ಅತ್ತೆಗೆ ಕಲಿಯುವುದು ಏನೂ ಉಳಿದಿರಲಿಲ್ಲ.

ಕಂಗಾಲಾದವರು ನನ್ನ ಯಜಮಾನರು. ಅವ್ವನ ಖಾಯಂ ವೀಸಾ ಇನ್ನೂ ಬಂದಿರಲಿಲ್ಲ. ವಲಸೆ ಇಲಾಖೆಯಿಂದ ಇಮೇಲ್ ಬಂದರೆ ಎದ್ದು ನಿಂತು ಓದುವ ಪೈಕಿ ನಾವು. ಅಂಥಾದ್ದರಲ್ಲಿ ಸರ್ಕಾರದವರ ಬಾಗಿಲಿಗೇ ಹೋಗಿ ಅದು ಮಾಡಿ, ಇದು ಮಾಡಿ ಅನ್ನುವುದೇ? ಮಗ ದನಿ ತಗ್ಗಿಸಿ, ಗೋಡೆಗೂ ಕಿವಿಯಿದೆಯೇನೋ ಎಂಬಂತೆ, ತಾಯಿಗೆ ತಿಳಿಹೇಳಿದರು. ತಾಯಿ ಪೂರ್ತಿ ಕೇಳಿಸಿಕೊಂಡರು.

"ಕಳಿಸಿದ್ರ ಹೋಗ್ತೀನಪಾ. ಹುಬ್ಬಳ್ಯಾಗೂ ಬಡತನ ಐತಿ, ಕೆಲಸೇನ ಕಡಿಮಿ ಇಲ್ಲ" ಅಂದರು.

ಮೊದಲ ಭೇಟಿಗೆ ದುಭಾಷಿಯಾಗಿ ನಾನು ಹೋದೆ. ಆಸ್ಪತ್ರೆಯ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿದ್ದೆ. ಸಂಘದವರ ಬೇಡಿಕೆ ಇಷ್ಟೇ: ಬಡ ದೇಶಗಳ ಬಾಣಂತಿಯರಿಗೆ, ಎಳೆಗೂಸುಗಳಿಗೆ ಈ ದೇಶ ಕೊಡುವ ನೆರವನ್ನು ಕಡಿತ ಮಾಡಬೇಡಿ ಎಂದು ಸಂಸದರು ಸಂಸತ್ತಿನಲ್ಲಿ ಎದ್ದು ನಿಂತು ಕೇಳಬೇಕು. ಸಂಸದರು ಒಳ್ಳೆಯ ಮನುಷ್ಯ, ಆರಡಿ ಎತ್ತರ, ಚಡ್ಡಿಯಲ್ಲೇ ಕಚೇರಿಗೆ ಬಂದಿದ್ದರು. ಈ ದೇಶದ ರೂಢಿಯಂತೆ ತಾವೇ ಕೆಟಲ್ ಹಚ್ಚಿ ಎಲ್ಲರಿಗೂ ಚಹಾ ಮಾಡಿ ತಂದರು. ಅತ್ತೆ ಕಪ್ಪನ್ನು ಮುಟ್ಟಲಿಲ್ಲ. ಸಕ್ಕರೆ ಬೇಕೇ ಎಂದು ಸಂಸದರು ಕೇಳಿದರು, ಅತ್ತೆ ಬೇಡವೆಂದು ತಲೆಯಾಡಿಸಿದರು. ಹಾಲು ಹೆಚ್ಚಾಯಿತೇ ಎಂದರು, ಅದಕ್ಕೂ ತಲೆಯಾಡಿಸಿದರು. ಪಾಪ, ಆ ಮನುಷ್ಯ ಬಿಸ್ಕತ್ತಿನ ಡಬ್ಬಿ ಹುಡುಕಲು ಎದ್ದರು.

"ಬೀಗರ ಮನಿಗೆ ಮಾತಾಡಾಕ ಹೋದ್ರ, ಮಾತು ಮುಗಿಯೂತನಕ ನೀರೂ ಮುಟ್ಟಂಗಿಲ್ಲ. ಹೇಳವಾ ಅವರಿಗೆ" ಅಂದರು ನನಗೆ.

ಹೇಳಿದೆ. ಬೀಗರು ಅಂದರೆ ಯಾರು ಎಂದು ವಿವರಿಸುವಷ್ಟರಲ್ಲಿ ಸಂಸದರ ಮುಖ ಕೆಂಪಾಗಿತ್ತು, ಯಾರ ಮದುವೆ ಎಂದು ಅವರು ಸುತ್ತಲೂ ನೋಡತೊಡಗಿದ್ದರು! ಕೊನೆಗೆ ವಿಷಯಕ್ಕೆ ಬಂದು, ಖಂಡಿತ ಇದನ್ನು ಗಮನಿಸುತ್ತೇನೆ ಎಂದರು. ಅತ್ತೆ ನನ್ನ ಕಡೆ ತಿರುಗಿದರು. ನೋಡ್ತೀನಿ ಅಂದರು, ಅಂದೆ. ನೋಡುವುದಕ್ಕೆ ಅವರಿಗೆ ಕಣ್ಣಿದೆ, ಕೇಳುವುದಕ್ಕೆ ಬಾಯಿ ಯಾವಾಗ ಬರುತ್ತದೆ ಎಂದು ಅತ್ತೆ ಕೇಳಿದರು. ಇದನ್ನು ಮಾತ್ರ ನಾನು ಸ್ವಲ್ಪ ಮೆತ್ತಗೆ ಮಾಡಿ ಅನುವಾದಿಸಿದೆ. ಚಹಾ ಮೇಜಿನ ಮೇಲೇ ಆರಿ ಕೆನೆಗಟ್ಟಿತು.

ಅಂದಿನಿಂದ ಆ ಮನುಷ್ಯನಿಗೆ ನೆಮ್ಮದಿಯಿಲ್ಲ. ನಮ್ಮ ಕನ್ನಡದವರ ದೀಪಾವಳಿ ಕೂಟಕ್ಕೆ ಜುಬ್ಬಾ ತೊಟ್ಟು ಬಂದರು, ಎಲ್ಲರೂ ಸಾಲುಗಟ್ಟಿ ಅವರೊಡನೆ ಫೋಟೋ ತೆಗೆಸಿಕೊಂಡರು. ಅತ್ತೆಯೂ ಇಳಕಲ್ ಸೀರೆ ಉಟ್ಟು ಪಕ್ಕದಲ್ಲಿ ನಿಂತರು. ಕ್ಯಾಮೆರಾ ಕ್ಲಿಕ್ಕಿಸುವ ಸರಿಯಾದ ಹೊತ್ತಿಗೆ ತಮ್ಮ ಸ್ವಂತ ಇಂಗ್ಲಿಷಿನಲ್ಲಿ, ಸಂಸತ್ತಿನಲ್ಲಿ ಕೇಳಿದಿರಾ ಎಂದು ವಿಚಾರಿಸಿದರು. ಬಾಯಿ ತೆರೆದ ಸಂಸದರು, ಪಕ್ಕದಲ್ಲಿ ಶಾಂತಮೂರ್ತಿ ನಮ್ಮ ಅತ್ತೆ. ಆ ಫೋಟೋಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದೇವೆ.

ಬೇಸಿಗೆ ರಜೆಗೆ ಟೌರಂಗಾದ ನೆಂಟರ ಮನೆಗೆ ಹೋದಾಗ ಸಮುದ್ರದಂಡೆಯಲ್ಲಿ ಮತ್ತೆ ಅವರೇ! ಕೈಯಲ್ಲಿ ಐಸ್‌ಕ್ರೀಮು, ಹೆಗಲ ಮೇಲೆ ಟವೆಲು. ಅತ್ತೆ ಸೆರಗು ಸರಿಮಾಡಿಕೊಂಡು ಮರಳಿನಲ್ಲಿ ಹೆಜ್ಜೆ ಹಾಕಿದರು. "ಅಜ್ಜಿ, ಹಿ ಈಸ್ ಆನ್ ಹಾಲಿಡೇ" ಎಂದು ನನ್ನ ಮಗಳು ಸೆರಗು ಜಗ್ಗಿದಳು. ಬಡತನಕ್ಕೂ ರಜೆ ಇರುತ್ತದೇನೆ ಎಂದು ಅಜ್ಜಿ ಕೇಳಿದರು. ಅಷ್ಟರಲ್ಲಿ ಸಂಸದರೇ ನಮ್ಮನ್ನು ಕಂಡಿದ್ದರು. ಕೊಡೆಗಳನ್ನೂ ಮಕ್ಕಳನ್ನೂ ದಾಟಿ ಅವರ ದನಿ ಕೇಳಿಸಿತು: "ನಾಟ್ ಯೆಟ್!" ಇಡೀ ಬೀಚು ತಿರುಗಿ ನೋಡಿತು.

ಈ ನಡುವೆ ಅತ್ತೆಯ ವೀಸಾ ಬಂತು. ಯಜಮಾನರು ದೇವರಿಗೆ ತುಪ್ಪದ ದೀಪ ಹಚ್ಚಿದರು. ಅತ್ತೆ ಅದೇ ದೀಪಕ್ಕೆ ಕೈಮುಗಿದು, ಮುಂದಿನ ಭೇಟಿ ಯಾವಾಗ ಎಂದು ಬೇಲಿಯ ಆಚೆ ಕೂಗಿ ಕೇಳಿದರು.

ಕೊನೆಗೂ ಆ ದಿನ ಬಂದೇ ಬಂತು. ಸಂಸತ್ತಿನ ಕಲಾಪವನ್ನು ನಮ್ಮ ಟೀವಿಯಲ್ಲಿ ಹಚ್ಚಿ ಅತ್ತೆ, ನಿವೃತ್ತ ನರ್ಸ್, ನಾನು ಕೂತಿದ್ದೆವು. ಯಜಮಾನರು ಏನೋ ಮರೆತು ಹೋಗಿದ್ದೆ ಎಂದು ಆಫೀಸಿನಿಂದ ಬಂದವರು ಆ ಮರೆತದ್ದನ್ನು ಹುಡುಕದೆ ಸೋಫಾದ ಹಿಂದೆಯೇ ನಿಂತುಬಿಟ್ಟರು. ನಮ್ಮ ಸಂಸದರು ಎದ್ದರು. ಚಡ್ಡಿಯಲ್ಲ, ಸೂಟು! ಬಡ ದೇಶಗಳ ತಾಯಂದಿರ, ಮಕ್ಕಳ ನೆರವು ಕಡಿತವಾಗುವುದಿಲ್ಲ ಎಂದು ಮಂತ್ರಿಗಳು ಮಾತು ಕೊಡುತ್ತಾರೆಯೇ ಎಂದು ನೇರವಾಗಿ ಕೇಳಿದರು. ಮಂತ್ರಿಗಳು ಪರಿಶೀಲಿಸುತ್ತೇವೆ ಎಂದರು. ನನಗಂತೂ ಎದೆ ಉಬ್ಬಿಹೋಯಿತು. ಮೂರನೇ ಇಯತ್ತೆಯ ಶಿಕ್ಷಕಿಯೊಬ್ಬರ ಪ್ರಶ್ನೆ ಒಂದು ದೇಶದ ಸಂಸತ್ತಿನಲ್ಲಿ ಗಂಭೀರವಾಗಿ ಎದ್ದು ನಿಂತಿತ್ತು, ಅವರು ನನ್ನ ಅತ್ತೆ!

ಸಂಸತ್ತಿನಲ್ಲಿ ಪ್ರಶ್ನೆ ಕೇಳಿದವರಿಗೆ ಹೋಗಿ ಕೃತಜ್ಞತೆ ಹೇಳುವುದು ಸಂಘದ ನಿಯಮ. ಹೋದೆವು. ಸಂಸದರು ನಮ್ಮನ್ನು ಕಾಣುತ್ತಲೇ ಕೆಟಲ್ ಹಚ್ಚಿದರು. ಚಹಾ ತಂದು ಅತ್ತೆಯ ಮುಂದಿಟ್ಟು, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಎದುರಿಗೆ ಕೂತರು. ಅತ್ತೆ ಕಪ್ಪೆತ್ತಿದರು. ಒಂದೊಂದೇ ಗುಟುಕು ಕುಡಿದರು. ಸರಿಯಾಗಿ ಅರ್ಧಕ್ಕೆ ಬಂದಾಗ ಕೆಳಗಿಟ್ಟರು.

"ನೀವು ಕೇಳೀರಿ, ಅದಕ್ಕ ಅರ್ಧ. ಮಂತ್ರಿ ಹೂಂ ಅಂದ ದಿನ ಉಳದದ್ದು."

ಅನುವಾದಿಸಿದೆ. ಸಂಸದರು ನಗಲಿಲ್ಲ. ಹಾಗಾದರೆ ಮತ್ತೆ ಬರುತ್ತೀರಿ ಅಂತಾಯಿತು, ಒಳ್ಳೆಯದು, ಎಂದರು.

ಕಾರಿನಲ್ಲಿ ನನಗೆ ನಗು ತಡೆಯಲಿಲ್ಲ. ಬೀಗರ ಮನೆಯಲ್ಲಿ ಅರ್ಧ ಕಪ್ಪಿನ ಪದ್ಧತಿಯೂ ಇದೆಯೇ ಎಂದು ಕಾಡಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

"ಅಂಥಾ ಪದ್ಧತಿ ಎಲ್ಲೂ ಇಲ್ಲವಾ. ನಿಮ್ಮ ಮಾವನ ತಂಗಿ ಬಸರಿದ್ಲು. ಆಗ ನಾವು ಹಳ್ಳ್ಯಾಗ ಇದ್ವಿ, ಅಲ್ಲಿ ದವಾಖಾನಿಗೆ ನರ್ಸ್ ಇರಲಿಲ್ಲ. ಒಬ್ಬ ಲೀಡರ್ ಮನಿಗೆ ಕೇಳಾಕ ಹೋಗಿದ್ದೆ. ಕುರ್ಚಿ ಹಾಕಿ ಕುಂದ್ರಿಸಿ ಚಹಾ ಕೊಟ್ರು, ನೋಡೂಣು ಅಂದ್ರು. ಅಷ್ಟು ಮರ್ಯಾದಿ ಮಾಡಿದ್ರಲ್ಲ ಅಂತ ಖುಷಿಲೆ ಕುಡದು ಎದ್ದು ಬಂದೆ. ನರ್ಸ್ ಬರಲಿಲ್ಲ. ಆಕಿ ಉಳಿಲಿಲ್ಲ, ಕೂಸೂ ಉಳಿಲಿಲ್ಲ."

ಕಣ್ಣು ಮಂಜಾಗಿ ರೌಂಡ್‌ಅಬೌಟಿನಲ್ಲಿ ನಮ್ಮ ತಿರುವು ತಪ್ಪಿತು, ಇನ್ನೊಂದು ಸುತ್ತು ಹಾಕಿದೆ. ಅತ್ತೆ ಗೇರಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಆಮೇಲೆ, ಮಂತ್ರಿಗಳ ಕಚೇರಿ ಇರುವ ವೆಲ್ಲಿಂಗ್ಟನ್ನಿಗೆ ಕಾರಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರು.

ಸಂಜೆ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಸೋದರತ್ತೆ ಹೆರಿಗೆಯಲ್ಲಿ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು, ಚಹಾದ ಸಂಗತಿ ಗೊತ್ತಿರಲಿಲ್ಲ. ಇಮೇಲಿಗೂ ಎದ್ದು ನಿಲ್ಲುವ ಮನುಷ್ಯ ನೇರ ಅಡುಗೆಮನೆಗೆ ಹೋಗಿ ಮೇಲಿನ ಕಪಾಟಿನಿಂದ ದೊಡ್ಡ ಥರ್ಮಾಸು ಇಳಿಸಿ ತೊಳೆಯತೊಡಗಿದರು.

"ವೆಲ್ಲಿಂಗ್ಟನ್ ದೂರ ಐತಿ. ಮನಿ ಚಹಾ ತುಂಬ್ಕೊಂಡು ಹೋಗೂಣು" ಅಂದರು. "ಅಲ್ಲಿ ಅವ್ವ ಕುಡಿಯಂಗಿಲ್ಲ."