ಹಂಗಳದ ಡೈರಿ ಯಂತ್ರದ ನಿದ್ದೆ

ಕಾಯುವುದೂ ಒಂದು ವಿದ್ಯೆ ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿಗೆ ಕಾಯುವಾಗ ನಾನು ನಿಮಿಷಕ್ಕೆ ಮೂರು ಸಲ ರಸ್ತೆಗಿಳಿದು ಬೇಗೂರಿನ ಕಡೆ ಕತ್ತು ಚಾಚುವವಳು. ಹಾಗೆ ಚಾಚಿದ್ದಕ್ಕೆ ಯಾವ ಬಸ್ಸೂ ಒಂದು ಕ್ಷಣ ಮೊದಲು ಬಂದದ್ದಿಲ್ಲ. ಇಂಥವಳು ಬರೆದ ಪ್ರೋಗ್ರಾಂ ಇನ್ನು ಹೇಗಿದ್ದೀತು? ಗುಂಡ್ಲುಪೇಟೆಯಲ್ಲಿ ನಮ್ಮದು ನಾಲ್ಕೇ ಜನರ ಅಂಗಡಿ; ಹಾಲಿನ ಕೊಬ್ಬು ಅಳೆಯುವ ಯಂತ್ರ ಮಾಡುತ್ತೇವೆ. ಅದರ ಸೆನ್ಸರನ್ನು ಮಾತಾಡಿಸುವ ಡ್ರೈವರ್ ಪ್ರೋಗ್ರಾಂ ನನ್ನ ಕೃತಿ.

ಮೊದಲ ಗಿರಾಕಿ ಹಂಗಳದ ಡೈರಿ. ಮೊನ್ನೆ ಅಲ್ಲಿನ ಸೆಕ್ರೆಟರಿ ಶಿವಮ್ಮ ಫೋನಿನಲ್ಲೇ ನನ್ನ ನೀರಿಳಿಸಿದರು. “ಬೆಳಗಾದ್ರೆ ಕರೆಂಟ್ ಓಯ್ತದೆ, ನಿನ್ ಬ್ಯಾಟ್ರಿ ಅರ್ಧ ಕ್ಯೂಗೇ ಸತ್ತೋಯ್ತದೆ. ಇವತ್ತು ವ್ಯಾನು ಬುಟ್ಟೋಯ್ತು, ನಾಕು ಕ್ಯಾನ್ ಆಲು ಒಡ್ದೋಯ್ತು ಕಣಮ್ಮಿ. ನಾಳೆನೂ ಇಂಗೇ ಆದ್ರೆ ನಿನ್ ಮಿಶನ್ನ ಎತ್ಕಂಡೋಗ್ಬುಡು!” ಎತ್ತಿಕೊಂಡು ಬಂದರೆ ನಮ್ಮ ಅಂಗಡಿಗೆ ಬೀಗವೇ ಗತಿ.

ಕೋಡ್ ತೆಗೆದು ನೋಡಿದೆ. “ಹಾಲು ಬಂತಾ?” ಎಂದು ಕೇಳಿದರೆ ಸೆನ್ಸರ್ ಉತ್ತರಿಸಲು ಹತ್ತು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತೂ ಪ್ರೊಸೆಸರ್ ಎಣಿಸುತ್ತ ತುದಿಗಾಲಲ್ಲಿ ನಿಂತಿರಲಿ ಎಂದು ಬರೆದಿದ್ದೆ. ಉತ್ತರ ಬಂದರೆ ಮತ್ತೆ ಅದೇ ಪ್ರಶ್ನೆ. ಪಾಪ, ಅದು ಒಂದು ಗಳಿಗೆಯೂ ಕಣ್ಣು ಮುಚ್ಚಿರಲಿಲ್ಲ. ಆ ಸಾಲನ್ನು ಅಳಿಸಿ, ‘ಮಲಗು, ಹತ್ತರಿಂದ ಇಪ್ಪತ್ತರೊಳಗೆ ಯಾವಾಗಲಾದರೂ ಏಳು’ ಎಂಬರ್ಥದ ಸಾಲು ಹಾಕಿದೆ. ಅಬ್ಬಾ! ಅಷ್ಟು ಸಡಿಲ ಬಿಟ್ಟದ್ದೇ ತಡ, ಅದು ಪರದೆಗೆ, ಗಡಿಯಾರಕ್ಕೆ, ಸೆನ್ಸರಿಗೆ ಬೇರೆ ಬೇರೆ ಏಳುವ ಬದಲು ಒಂದೇ ಸಲ ಎದ್ದು, ಎಲ್ಲ ಕೆಲಸ ಮುಗಿಸಿ, ಮತ್ತೆ ಮಲಗತೊಡಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ನಿದ್ದೆ! ಆಪರೇಟಿಂಗ್ ಸಿಸ್ಟಮ್ಮಿನೊಳಗೆ ಇಂಥದ್ದನ್ನೂ ಯೋಚಿಸಿಟ್ಟ ಪುಣ್ಯಾತ್ಮರು ಯಾರೋ ಎಂದು ಮೈ ಜುಮ್ಮೆಂದಿತು. ಲ್ಯಾಪ್‌ಟಾಪಿಗೆ ಕೈಮುಗಿದೇಬಿಟ್ಟೆ.

ಮರುದಿನ ಬೆಳಿಗ್ಗೆಯೇ ಹಂಗಳಕ್ಕೆ ಹೋಗಿ ಯಂತ್ರಕ್ಕೆ ಹೊಸ ಪ್ರೋಗ್ರಾಂ ಹಾಕಿದೆ. ಮೊದಲ ಚೊಂಬು ಸುರಿಯುವ ಹೊತ್ತಿಗೇ ಕರೆಂಟು ಹೋಯಿತು. ಕ್ಯೂ ಡೈರಿಯ ಅಂಗಳ ದಾಟಿತ್ತು. ನಾನು ಪರದೆಯ ಮೇಲಿನ ಬ್ಯಾಟರಿಯ ಗೆರೆಗಳನ್ನೇ ನೋಡುತ್ತ ನಿಂತೆ. ಅರ್ಧ ಕ್ಯೂ ಕಳೆಯಿತು. ಒಂದು ಗೆರೆಯೂ ಅಲುಗಲಿಲ್ಲ. ಕೊನೆಯ ಚೊಂಬೂ ಮುಗಿದು ವ್ಯಾನು ತುಂಬಿದಾಗ ನನ್ನ ಕಣ್ಣು ಒದ್ದೆಯಾಗಿತ್ತು.

“ಏನಮ್ಮಿ ಮಾಡ್ದೆ?” ಶಿವಮ್ಮ ಬೆರಗಿನಿಂದ ಕೇಳಿದರು.

“ಒಂದೇ ಒಂದು ಸಾಲು ಬದಲಾಯಿಸಿದೆ!” ಎಂದು ಎದೆಯುಬ್ಬಿಸಿದೆ.

ಅವರ ಬೆರಗು ಅಲ್ಲಿಗೇ ಇಳಿಯಿತು. “ಒಂದೇ ಸಾಲಾ? ಅದ್ನ ಮೊದ್ಲೇ ಬರ್ಯಕ್ಕೆ ನಿಂಗೇನಾಗಿತ್ತು?”

ನಾನು ಯಂತ್ರದ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದೆ.