ಮಾದರಿ ಮನೆಯವರು

ಮದರಾಸಿನ ಮನೆಗಳಿಗೆ ಕಿವಿಯಿದೆ ಎಂಬುದು ಶ್ರೀವಿದ್ಯಾಳ ದೃಢವಾದ ನಂಬಿಕೆ. ಇಲ್ಲದಿದ್ದರೆ, ವೆಸ್ಟ್ ಮಾಂಬಲಂನ ಬಾಡಿಗೆ ಮನೆಯ ಒಲೆಕಟ್ಟೆಯ ಪಕ್ಕ ನಿಂತು ಗಂಡ ಹೆಂಡತಿ ಪಿಸುಗುಟ್ಟಿಕೊಂಡ ಮೊತ್ತ ಅವಕ್ಕೆ ತಿಳಿಯುವುದಾದರೂ ಹೇಗೆ? ಇವರು ಹತ್ತು ಲಕ್ಷಕ್ಕೆ ಸಿದ್ಧರಾದ ದಿನ ಮನೆ ಹನ್ನೆರಡಾಗಿರುತ್ತಿತ್ತು. ಹನ್ನೆರಡಕ್ಕೆ ಸೆರಗು ಬಿಗಿದು ಹೊರಟರೆ ಅದು ಹದಿನೈದರ ಮೆಟ್ಟಿಲ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿತ್ತು. ದಿನಕ್ಕೊಂದು ಸಾಲಾದರೂ ಡೈರಿ ಬರೆಯುವ ಅಭ್ಯಾಸ ಅವಳದು. ಮಗಳು ಮೌನಳ ಎತ್ತರವನ್ನೂ ಚದರಡಿಯ ದರವನ್ನೂ ಒಂದೇ ಪುಟದಲ್ಲಿ ಗುರುತು ಹಾಕುತ್ತಿದ್ದಳು. (ಮೌನ ಎಂಬುದು ಹೆಸರು ಮಾತ್ರ, ನಾಲ್ಕು ವರ್ಷದ ಆ ಕೂಸು ನಿದ್ದೆಯಲ್ಲೂ ಮಾತಾಡುತ್ತಿತ್ತು.) 2005ರ ಯುಗಾದಿಯ ದಿನ ಬರೆದ ಸಾಲು ಇದು: 'ಕೂಸಿಗಿಂತ ಮನೆಯ ಬೆಳವಣಿಗೆಯೇ ಚೆನ್ನಾಗಿದೆ.'

ಆ ವಾರವೇ ಅವರು ಪೆರುಂಗುಡಿಗೆ ಹೋದದ್ದು. ಗಾಜಿನ ಆಫೀಸುಗಳ ಹಿಂದೆ 'ಸಾಗರ ದರ್ಶನ' ಎಂಬ ವಸತಿ ಸಮುಚ್ಚಯ ಏಳುತ್ತಿತ್ತು. ಸಾಗರ ಎಲ್ಲಿಂದಲೂ ಕಾಣುತ್ತಿರಲಿಲ್ಲ. ದರ್ಶನಕ್ಕೆ ಇದ್ದದ್ದು ಆರು ಅಂತಸ್ತಿನ ಬೋಳು ಕಂಬಗಳು, ಗಾಳಿಗೆ ಪಟಪಟನೆ ಬಡಿದುಕೊಳ್ಳುವ ನೀಲಿ ಪ್ಲಾಸ್ಟಿಕ್ ಹಾಳೆಗಳು, ಜೌಗಿನಲ್ಲಿ ಕಸ ಸುಡುವ ಕಡೆಯಿಂದ ತೆವಳಿಕೊಂಡು ಬರುವ ಹೊಗೆ. ಆ ಅಸ್ಥಿಪಂಜರದ ಮೊದಲ ಮಹಡಿಯಲ್ಲಿ ಒಂದೇ ಒಂದು ಮನೆಗೆ ಮಾತ್ರ ಮಾಂಸ, ಚರ್ಮ ಮೂಡಿತ್ತು. ಗಿರಾಕಿಗಳಿಗೆ ತೋರಿಸಲೆಂದು ಸಿಂಗರಿಸಿಟ್ಟ ಮಾದರಿ ಮನೆ.

ಒಳಗೆ ಕಾಲಿಟ್ಟೊಡನೆ ಶ್ರೀವಿದ್ಯಾಳಿಗೆ ಗೊತ್ತಾದದ್ದು, ಅಲ್ಲಿ ಯಾವ ವಾಸನೆಯೂ ಇಲ್ಲ ಎಂಬುದು. ಗೋಡೆ ಗಡಿಯಾರ ಹತ್ತು ಗಂಟೆ ಹತ್ತು ನಿಮಿಷದಲ್ಲಿ ನಿಂತುಬಿಟ್ಟಿತ್ತು. ಟಿವಿ ರಟ್ಟಿನದು. ಮೌನ ಬಟ್ಟಲಿನ ಸೇಬನ್ನು ಕಚ್ಚಿದಳು, ಮೇಣ. ಗಿಂಡಿಯ ವಿಮಾ ಕಚೇರಿಯಲ್ಲಿ ಸತ್ತವರ ಕಡತ ನೋಡುವ ಗಂಡ ಗಿರಿಧರ್ ಮಂಚದ ಮೇಲೆ ಮಲಗಿ ಪರೀಕ್ಷಿಸಿದರೆ, ಮಂಡಿಯಿಂದ ಕೆಳಗಿನದೆಲ್ಲ ಹೊರಗೇ ಉಳಿಯಿತು. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನೇ ಕುಗ್ಗಿಸಿದ್ದರು.

"ಏಳ್ರೀ. ಹಾಗೆ ಸೆಟೆದು ಮಲಗಿದ್ರೆ ನಿಮ್ಮ ಆಫೀಸಿನ ಕಡತದವರ ಥರಾನೇ ಕಾಣ್ತೀರಿ."

"ಇರು ಕಣೇ. ಸ್ವಂತ ಮನೇಲಿ ಮಲಗಿದ್ರೆ ಹೇಗಿರುತ್ತೆ ಅಂತ ನೋಡ್ತಿದೀನಿ."

"ಹೇಗಿದೆ?"

"ಕಾಲು ಬಾಡಿಗೆ ಮನೇಲೇ ಇದೆ."

ಮನೆ ಮಾರುವ ಹುಡುಗ ವರುಣ್ ಬಾಗಿಲಲ್ಲಿ ನಿಂತು ನಕ್ಕ. "ನೀವು ಕನ್ನಡವಾ ಮೇಡಂ? ನಾವೂ ಕನ್ನಡಾನೇ. ಮನೇಲಿ ಮಾತ್ರ ಪೇಸೋದು, ಅಲ್ಲ, ಮಾತಾಡೋದು." ಚದರಡಿಗೆ ಸಾವಿರದ ಒಂಬೈನೂರು ಎಂದ. ಬ್ಯಾಂಕಿನ ಸಾಲ, ತವರಿನ ಬಳೆ, ಗಿರಿಧರನ ಭವಿಷ್ಯನಿಧಿ ಎಲ್ಲ ಸೇರಿದರೆ ಸರಿಯಾಗಿ ಅಷ್ಟೇ ಆಗುತ್ತಿತ್ತು. ಆದರೆ ಭವಿಷ್ಯನಿಧಿ ಕೈಗೆ ಬರಲು ಮೂರು ತಿಂಗಳು ಬೇಕು. ವರುಣನಿಗೂ ಅವನದೇ ಸಂಕಟವಿತ್ತು. ಬಂದವರು ಐದು ನಿಮಿಷಕ್ಕೇ ಇಳಿದು ಹೋಗುತ್ತಾರಂತೆ. "ಯಾಕೋ ಭಯ ಆಗುತ್ತೆ ಅಂತಾರೆ ಮೇಡಂ. ಆಳಿಲ್ಲದ ಮನೆ ಅಲ್ವಾ."

ಅಷ್ಟರಲ್ಲಿ ಮೌನ ಹಸಿವೆಂದು ರಾಗ ತೆಗೆದಳು. ಶ್ರೀವಿದ್ಯಾ ಡಬ್ಬಿ ಬಿಚ್ಚಿ ಚಿತ್ರಾನ್ನ ಕಲಸಿ ತಿನ್ನಿಸತೊಡಗಿದಳು. ಮನೆ ನೋಡಲು ಬಂದ ದಂಪತಿ ಆ ವಾಸನೆಗೆ ಅರ್ಧ ಗಂಟೆ ನಿಂತು, ಮುಂಗಡ ಕೊಟ್ಟೇ ಹೋದರು. ಅವಳ ತಲೆಯಲ್ಲಿ ಆ ಕ್ಷಣ ಹೊಳೆದ ದಿವ್ಯೋಪಾಯ ಇದು: ಪ್ರತಿ ಭಾನುವಾರ ತಾವು ಮೂವರೂ ಬಂದು ಅಲ್ಲಿ ಸಂಸಾರ ಮಾಡಿ ತೋರಿಸುವುದು, ವರುಣ್ ಆ ಮಾದರಿ ಮನೆಯನ್ನೇ ಇವತ್ತಿನ ದರಕ್ಕೆ ಮೂರು ತಿಂಗಳು ತಮಗಾಗಿ ಕಾದಿರಿಸುವುದು.

ವರುಣ್ ಒಪ್ಪಿದ. ಒಂದೇ ಷರತ್ತು. "ಬಂದವರ ಜೊತೆ ಮಾತಾಡಬಾರದು. ಬಾಯಿ ಬಿಟ್ರೆ, ನೀವು ಎಷ್ಟಕ್ಕೆ ತಗೊಂಡ್ರಿ ಅಂತ ಕೇಳ್ತಾರೆ. ಅವರು ಇಲ್ಲವೇ ಇಲ್ಲ ಅನ್ನೋ ಥರ ನಿಮ್ಮ ಪಾಡಿಗೆ ಇದ್ದುಬಿಡಿ. ನಮ್ಮ ಎಂ.ಡಿ.ಗೂ ತೆರಿಯಬಾರದು." ಎಂ.ಡಿ.ಗೆ ಗೊತ್ತಾಗಬಾರದ ಕರಾರಿಗೆ ಕಾಗದವೂ ಇರಲಿಲ್ಲ. ಆ ವಿಷಯ ಯಾರ ಮನಸ್ಸಿಗೂ ಬರಲಿಲ್ಲ.

ಹೀಗೆ ಸಂಸಾರ ಶುರುವಾಯಿತು. ಭಾನುವಾರ ಬೆಳಗ್ಗೆ ಕುಕ್ಕರು, ಡಿಕಾಕ್ಷನ್ನು, ಮೂರು ತಟ್ಟೆ ಹೊತ್ತು ರೈಲು, ಬಸ್ಸು ಹತ್ತಿ ಹೋಗುವುದು. ಶ್ರೀವಿದ್ಯಾ ಕರೆಂಟಿನ ಒಲೆಯ ಮೇಲೆ ಹುಳಿ ಕುದಿಸುವಳು. ಗಿರಿಧರ್ ಅಲ್ಲಿಟ್ಟಿದ್ದ ಒಂದೇ ಒಂದು ಹಳೆಯ ಪೇಪರನ್ನು ವಾರ ವಾರವೂ ಓದುವನು. ಬಂದವರು ಅವಳ ತಲೆಯ ಮೇಲಿಂದ ಕೈ ಚಾಚಿ ಕಪಾಟು ತೆಗೆಯುವರು, ಗಿರಿಧರನ ಕಿವಿಯ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವರು. ಇವರು ಕಣ್ಣೆತ್ತುವುದಿಲ್ಲ. ಮೊದಮೊದಲು ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಐದನೆಯ ವಾರ ನಗು ತಾನಾಗಿ ನಿಂತಿತು. ಜನ ತಮ್ಮ ಮೈಯೊಳಗಿಂದಲೇ ಹಾದುಹೋಗುತ್ತಿದ್ದಾರೆ ಅನ್ನಿಸತೊಡಗಿತು. ಮಾಂಬಲಂನ ಮನೆ ಒಡತಿ ನೀರಿನ ಮೋಟಾರಿನ ಜಗಳಕ್ಕೆ ಬಂದರೆ ಶ್ರೀವಿದ್ಯಾ ಅವರ ಆಚೆಗಿನ ಗೋಡೆ ನೋಡುತ್ತ ಸೌಟು ತಿರುವುತ್ತಲೇ ಇದ್ದಳು. ಆಕೆ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಮೆಟ್ಟಿಲಿಳಿದು ಹೋದವರು, ತಿಂಗಳಿಡೀ ನೀರಿನ ಸುದ್ದಿ ಎತ್ತಲಿಲ್ಲ. (ಇದೊಂದು ಲಾಭ.)

ಆರನೆಯ ವಾರ ಒಂದು ಪುಟ್ಟ ಹುಡುಗಿ ಬಂದು ಸೋಫಾದ ಮೇಲಿದ್ದ ಮೌನಳ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿತು. ಮೌನ ರೆಪ್ಪೆ ಬಡಿಯಲಿಲ್ಲ.

"ಅಮ್ಮಾ, ಈ ಬೊಂಬೆ ಬೆಚ್ಚಗಿದೆ," ಎಂದಿತು ತಮಿಳಿನಲ್ಲಿ.

ಆ ತಾಯಿ ಮಗುವನ್ನು ಸೆಳೆದುಕೊಂಡು ಹೊರಟೇ ಹೋದಳು. ಶ್ರೀವಿದ್ಯಾಳ ಕೈಯ ಸೌಟು ಹುಳಿಯೊಳಗೆ ಬಿತ್ತು. ಸಂಜೆ ಬಸ್ಸಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಏನಾದ್ರೂ ಮಾತಾಡು ಚಿನ್ನ" ಎಂದು ಎರಡು ಸಲ ಕೇಳಿಕೊಂಡಳು.

"ನಮ್ಮ ಮನೆ, ನಮ್ಮ ವೀಡು ಅದೇ ತಾನೆ ಅಮ್ಮ," ಎಂದಳು ಮೌನ. "ಮತ್ಯಾಕೆ ಸಂಜೆ ಆದ್ರೆ ನಮ್ಮನ್ನ ಹೊರಗೆ ಹಾಕ್ತಾರೆ?"

ಇತ್ತ ಗೇಟಿನ ಪಕ್ಕದ ದರದ ಫಲಕ ಎರಡು ಸಾವಿರ ದಾಟಿತು. ಹುಳಿಯ ವಾಸನೆಗೆ ಮನೆಗಳು ಬಿಸಿ ಬೋಂಡದಂತೆ ಖರ್ಚಾಗುತ್ತಿದ್ದವು. ಅವಳು ಒಗ್ಗರಣೆಗೆ ಇಂಗು ಹಾಕಿದ ವಾರ ಎರಡು ಸಾವಿರದ ಮುನ್ನೂರು. ಬದನೆಕಾಯಿ ಎಣ್ಣೆಗಾಯಿ ಮಾಡಿದ ವಾರ ಎರಡು ಸಾವಿರದ ಆರುನೂರು.

"ಸ್ವಲ್ಪ ಕೆಟ್ಟದಾಗಿ ಅಡುಗೆ ಮಾಡೇ," ಎಂದ ಗಿರಿಧರ್.

"ನಮಗೇನ್ರೀ, ನಮ್ಮದು ಹಳೇ ರೇಟು."

ಹನ್ನೆರಡು ಭಾನುವಾರ ಕಳೆದವು. ಮುಂದಿನ ಶುಕ್ರವಾರವೇ ಭವಿಷ್ಯನಿಧಿಯ ಚೆಕ್ ಬಂತು. ಗಿರಿಧರ್ ಅರ್ಧ ದಿನದ ರಜೆ ಹಾಕಿದ, ಶ್ರೀವಿದ್ಯಾ ರೇಷ್ಮೆ ಸೀರೆಯುಟ್ಟಳು, ಮೂವರೂ ಪೆರುಂಗುಡಿಯಲ್ಲಿ ಬಸ್ಸಿಳಿದರು. ಮಾದರಿ ಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಒಳಗಿನಿಂದ ಹೊಗೆ ಬರುತ್ತಿತ್ತು. ವರುಣ್ ಮೆಟ್ಟಿಲ ಮೇಲೇ ಅಡ್ಡ ಬಂದು ಕೈ ಮುಗಿದ.

"ಮನ್ನಿಸಿಬಿಡಿ ಮೇಡಂ. ಮನೆ ಹೋಯ್ತು. ಜಯಲಕ್ಷ್ಮೀ ಮಾಮಿ ಅಂತ. ಮೂರು ಭಾನುವಾರ ಬಂದು ನೋಡಿದ್ರು. ಮೂರು ಸಲಾನೂ ಅದೇ ಹೆಂಗಸು, ಅದೇ ಪಾತ್ರೆ. ಅದೇ ಗಂಡಸು, ಅದೇ ಹಳೇ ಪೇಪರ್. ಯಾರಪ್ಪ ಇವರು ಅಂತ ಎಂ.ಡಿ. ಎದುರಿಗೇ ಕೇಳಿಬಿಟ್ರು."

"ನೀವೇನಂದ್ರಿ?"

ವರುಣ್ ನೆಲ ನೋಡಿದ. "ಯಾರು ಮಾಮಿ, ಅಲ್ಲಿ ಯಾರೂ ಇಲ್ವಲ್ಲ ಅಂದೆ. ನಿಜ ಹೇಳಿದ್ರೆ ಆವತ್ತೇ ನನ್ನ ವೇಲೆ, ಈ ಕೆಲಸ, ಹೋಗ್ತಿತ್ತು."

ಸುದ್ದಿ ಹಬ್ಬಿದರೆ ಉಳಿದ ಮನೆಗಳೂ ಮಾರಾಟವಾಗುವುದಿಲ್ಲವೆಂದು ಎಂ.ಡಿ. ಹೆದರಿದ್ದರು. ಮಾಮಿ ಮಾತ್ರ ಹೆದರಲಿಲ್ಲ. ಬಾಯಿ ಮುಚ್ಚಿಕೊಂಡಿರಬೇಕಾದರೆ ದರ ಇಳಿಸಿ ಎಂದರಂತೆ.

"ಎಷ್ಟಕ್ಕೆ ಕೊಟ್ರಿ?"

"ಸಾವಿರದ ಏಳುನೂರು."

ಗಿರಿಧರ್ ಅಂಗಿಯ ತೋಳು ಮಡಚಿದ. "ಈಗ್ಲೇ ಒಳಗೆ ಹೋಗಿ ನಾವ್ಯಾರು ಅಂತ ಹೇಳ್ತೀನಿ."

ಶ್ರೀವಿದ್ಯಾ ಅವನ ತೋಳು ಹಿಡಿದು ನಿಲ್ಲಿಸಿದಳು. ತಾವು ದೆವ್ವಗಳಲ್ಲವೆಂದು ಸಾಬೀತಾದರೆ ಮನೆಯ ದರ ಎರಡು ಸಾವಿರದ ಆರುನೂರಕ್ಕೆ ಹಾರುತ್ತದೆ. ಆಗಲೂ ಅದು ತಮಗೆ ದಕ್ಕುವುದಿಲ್ಲ. ಈ ಹುಡುಗನ ಅನ್ನ ಮಾತ್ರ ಹೋಗುತ್ತದೆ. ಅಷ್ಟು ಲೆಕ್ಕ ಅವಳಿಗೆ ಮೆಟ್ಟಿಲ ಮೇಲೇ ಆಗಿಹೋಯಿತು. "ಬನ್ನಿ, ಹೋಗೋಣ" ಎನ್ನುವಷ್ಟರಲ್ಲಿ ಮೌನ ಕೈ ಬಿಡಿಸಿಕೊಂಡು ಮನೆಯೊಳಗೆ ಓಡಿ, ಸೋಫಾದ ತನ್ನ ಮೂಲೆಯಲ್ಲಿ ಕೂತು, ಅಭ್ಯಾಸಬಲದಿಂದ ಕಣ್ಣು ನೆಟ್ಟಳು. ಹಿಂದೆಯೇ ಇವರಿಬ್ಬರೂ ಹೊಸ್ತಿಲು ದಾಟಬೇಕಾಯಿತು.

ಹೋಮದ ಮುಂದಿದ್ದ ಮಾಮಿ ತಿರುಗಿ ನೋಡಿದರು. ಅರವತ್ತು ದಾಟಿದ, ವಜ್ರದ ಮೂಗುಬೊಟ್ಟಿನ ಹೆಂಗಸು. ಕೂಗಲಿಲ್ಲ, ಓಡಲಿಲ್ಲ. "ಕೊನೆಗೂ ಹೋಮಕ್ಕೇ ಬಂದ್ರಾ. ಪಾಪ, ಮಗು ಎಷ್ಟು ಮುದ್ದಾಗಿದೆ" ಎಂದು ತಮಿಳಿನಲ್ಲಿ ಅಂದು, ಶಾಸ್ತ್ರಿಗಳ ಕಿವಿಯಲ್ಲಿ ಏನೋ ಹೇಳಿದರು. ಶಾಸ್ತ್ರಿಗಳು ಮಂತ್ರ ನಿಲ್ಲಿಸದೆ ಮೂರು ಬೆರಳು ತೋರಿಸಿದರು. ನಡುಮನೆಯಲ್ಲಿ ಮೂರು ಬಾಳೆಲೆ ಬಿದ್ದವು. ಅನ್ನ, ಸಾಂಬಾರು, ಉದ್ದಿನ ವಡೆ, ಪಾಯಸ. ಬೆಳಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿದ್ದ ಗಿರಿಧರ್ ಹೆಂಡತಿಯ ಮುಖ ನೋಡಿದ. ನೋಡುತ್ತಲೇ ಕೂತುಬಿಟ್ಟ. ಅವಳೂ ಕೂತಳು. ಮಗಳಿಗೆ ಅನ್ನ ಕಲಸಿ ಬಾಯಿಗಿಟ್ಟಳು. ಹೊರಗೆ ಪ್ಲಾಸ್ಟಿಕ್ ಹಾಳೆಗಳು ಬಡಿದುಕೊಳ್ಳುತ್ತಲೇ ಇದ್ದವು.

ಮಾಮಿ ಎಲೆಯ ಎದುರು ಮಂಡಿಯೂರಿ ಕೈ ಮುಗಿದರು. ದನಿಯಲ್ಲಿ ಅಕ್ಕರೆಯಿತ್ತು.

"ಹೇಳು ತಾಯಿ. ಚಿಕ್ಕ ವಯಸ್ಸು, ಮುತ್ತಿನಂಥ ಸಂಸಾರ. ಯಾವ ಆಸೆ ತೀರದೆ ಹೀಗೆ ಅಲೀತಿದ್ದೀರಿ? ನನ್ನ ಕೈಲಾಗೋದಾದ್ರೆ ಕೊಟ್ಟು ಕಳಿಸ್ತೀನಿ."

ಹನ್ನೆರಡು ವಾರ ಆ ಮನೆಯಲ್ಲಿ ತುಟಿ ಬಿಚ್ಚದೆ ಸೌಟು ತಿರುವಿದ ಶ್ರೀವಿದ್ಯಾ ತಲೆಯೆತ್ತಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

"ಸ್ವಂತ ಮನೆ," ಎಂದಳು.

ಶಾಸ್ತ್ರಿಗಳು ಹೊಗೆಯೊಳಗಿಂದ ತಲೆಯೆತ್ತಲಿಲ್ಲ. ಚಮಚದಲ್ಲಿ ತುಪ್ಪ ಹೊಯ್ಯುತ್ತ ಹೇಳಿದರು:

"ಈಚೆಗೆ ಬರೋವೆಲ್ಲ ಇದನ್ನೇ ಕೇಳ್ತವೆ ಮಾಮಿ. ಅದು ನಮ್ಮ ಕೈಲಿ ಆಗೋದಲ್ಲ. ಇನ್ನೊಂದು ಸೌಟು ಪಾಯಸ ಬಡಿಸಿ."