ಭಾವ ಮಾಡಿದ ಬ್ಯಾಟುಗಳು

ಹಂದನಕೆರೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನಮ್ಮ ಭಾವ ಮೊದಲು ಒಪ್ಪಿಕೊಂಡದ್ದು ನಮ್ಮಕ್ಕನನ್ನಲ್ಲ, ಕೂರಲು ಕೊಟ್ಟ ಮಣೆಯನ್ನು!

ಇದು ನಾನು ಕಟ್ಟಿ ಹೇಳುತ್ತಿರುವ ಕತೆಯಲ್ಲ. ಬಾಗಿಲ ಸಂದಿಯಲ್ಲಿ ನಿಂತು ಕಣ್ಣಾರೆ ಕಂಡದ್ದು. ಅಕ್ಕ ತಲೆ ತಗ್ಗಿಸಿಕೊಂಡು ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಅವಳು ಉಟ್ಟಿದ್ದ ಸೀರೆಯನ್ನು ಆರಿಸಲು ಮನೆಮಂದಿಯೆಲ್ಲ ಮೂರು ದಿನ ತಲೆ ಕೆಡಿಸಿಕೊಂಡಿದ್ದೆವು. ಗಂಡು ಆ ಕಡೆ ತಿರುಗಿಯೂ ನೋಡಲಿಲ್ಲ. ಮಣೆಯನ್ನು ಬೋರಲು ಹಾಕಿ, ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳುತ್ತ ಕೂತಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗಿ ಒಪ್ಪಿಗೆ ಆಯ್ತೇನಪ್ಪಾ?" ಎಂದರು.

"ಹಲಸು. ಚೆನ್ನಾಗಿ ಒಣಗೈತೆ," ಎಂದಿತು ಗಂಡು.

ಗಂಡಿನ ತಾಯಿ ಮಗನ ತೊಡೆ ಚಿವುಟಿದ್ದನ್ನೂ ನಾನು ನೋಡಿದೆ. ಆಮೇಲೆ ಅವರು ತಲೆಯೆತ್ತಿ ಅಕ್ಕನನ್ನು ನೋಡಿ, ಕಿವಿಯವರೆಗೂ ಕೆಂಪಾಗಿ, "ಒಪ್ಪಿಗೆ" ಎಂದರು. ಮದುವೆಯಾಯಿತು. ಮಣೆಯೂ ಅಕ್ಕನ ಜೊತೆ ಹೋಯಿತು ಎಂದು ಬೇರೆ ಹೇಳಬೇಕೆ?

ಆಗಿನ್ನೂ ಅವರಿಗಿದ್ದದ್ದು ಬರೀ ಮರದ ಹುಚ್ಚು. ಬ್ಯಾಟಿನ ಹುಚ್ಚು ಹತ್ತಿದ್ದು ತುರುವೇಕೆರೆಯಲ್ಲಿ. ಎಪ್ಪತ್ತರ ದಶಕದ ಮಾತು. ಭಾವ ಅಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ಊರಿನ ಕ್ಲಬ್ಬಿನಲ್ಲಿ ಒಂದು ಟೇಬಲ್ ಟೆನ್ನಿಸ್ ಮೇಜಿತ್ತು. ಒಂದು ಸಂಜೆ ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರೊಬ್ಬರು ತಮ್ಮ ಪರದೇಶದ ಬ್ಯಾಟನ್ನು ಭಾವನ ಕೈಗೆ ಕೊಟ್ಟು ನೀರು ಕುಡಿಯಲು ಹೋದರಂತೆ. ಅವರು ನೀರು ಕುಡಿದು ಬರುವಷ್ಟರಲ್ಲಿ ಭಾವ ಬೇರೆ ಮನುಷ್ಯರಾಗಿದ್ದರು. ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬಂದು, ಒಲೆಯ ಮುಂದಿದ್ದ ಅಕ್ಕನಿಗೆ, "ಐದು ಪದರ ಕಣೇ! ಒಂದರ ಮೇಲೊಂದು ಐದು ಪದರ!" ಎಂದರು.

"ಚಿರೋಟಿನಾ? ಯಾರ ಮನೇಲಿ?" ಎಂದಳು ಅಕ್ಕ.

ಅಂದಿನಿಂದ ಶುರುವಾಯಿತು. ಬ್ಯಾಟಿನ ಎರಡು ಮಗ್ಗುಲಿಗೂ ರಬ್ಬರು ಹಾಳೆ ಅಂಟಿಸಿರುತ್ತಾರೆ. ಅದು ಅಂಗಡಿಯಲ್ಲಿ ಸಿಗುವ ಮಾಲು. ಭಾವನಿಗೆ ಅದರಲ್ಲಿ ಆಸಕ್ತಿಯಿಲ್ಲ. ಅವರ ಜೀವ ಇದ್ದದ್ದು ಒಳಗಿನ ಹಲಗೆಯಲ್ಲಿ. ಆ ಹಲಗೆ ನೋಡಲು ಒಂದೇ, ಆದರೆ ಐದು ತೆಳು ಪದರಗಳು. ಒಂದರ ಎಳೆ ಉದ್ದಕ್ಕೆ ಹೋದರೆ ಅದರ ಮೇಲಿನದು ಅಡ್ಡಕ್ಕೆ. ನಡುವಿನದು ಹಗುರ ಮರ, ಹೊರಗಿನದು ಗಟ್ಟಿ ಮರ.

ತೆಂಗಿನ ಸೀಮೆಯಲ್ಲಿ ಹುಟ್ಟಿದವರಲ್ಲವೆ? ಮೊದಲ ಬ್ಯಾಟನ್ನು ತೆಂಗಿನ ಮರದಲ್ಲೇ ಮಾಡಿದರು. "ನಮ್ಮೂರ ಮರ ಯಾಕೆ ಆಗಬಾರ್ದು?" ಎಂಬ ಅಭಿಮಾನ. ಅದನ್ನು ಎತ್ತಲು ಒಂದು ಕೈ ಸಾಲುತ್ತಿರಲಿಲ್ಲ. ದನದ ಡಾಕ್ಟರು ಪಾಪ, ಸ್ನೇಹಕ್ಕೆ ಕಟ್ಟುಬಿದ್ದು ಅದರಲ್ಲಿ ನಾಲ್ಕೇ ನಾಲ್ಕು ಹೊಡೆತ ಹೊಡೆದರು. ಮರುದಿನ ದಬ್ಬೇಘಟ್ಟದಲ್ಲಿ ಎಮ್ಮೆಗಳಿಗೆಲ್ಲ ಎಡಗೈಯಲ್ಲಿ ಸೂಜಿ ಚುಚ್ಚಿದರು. "ಹೋರಿ ಒದ್ದಾಗಲೂ ಹಿಂಗೆ ನೊಂದಿರಲಿಲ್ಲ ಕಣ್ರೀ," ಎಂದು ವಾರವಿಡೀ ತೋಳು ನೀವಿಕೊಂಡರು.

ಭಾವ ಎದೆಗುಂದುವವರೇ? ನಡುವಿನ ಪದರಕ್ಕೆ ಬೂರುಗದ ಮರ ಹಿಡಿದರು. ಹತ್ತಿಯಂತೆ ಹಗುರ. ತೆಳು ಪದರಗಳಿಗೆ ಎಲ್ಲಿ ಹೋಗುವುದು? ಚಹಾಪುಡಿ ತುಂಬಿ ಬರುವ ಪ್ಲೈವುಡ್ ಪೆಟ್ಟಿಗೆಗಳಿದ್ದವಲ್ಲ, ಅವನ್ನು ದಿನಸಿ ಅಂಗಡಿಗಳಿಂದ ಕೇಳಿ ತಂದು, ಹಂಡೆಯ ಬಿಸಿನೀರಿನಲ್ಲಿ ನೆನೆಹಾಕಿ, ಈರುಳ್ಳಿ ಸಿಪ್ಪೆಯಂತೆ ಬಿಡಿಸಿದರು. ಆ ದಿನಗಳಲ್ಲಿ ಅಕ್ಕನ ಮನೆಯಲ್ಲಿ ಸ್ನಾನ ಮಾಡಿ ಬಂದವರ ಮೈ ಚಹಾ ನಾರುತ್ತಿತ್ತು. ಪದರ ಕೂಡಿಸಲು ಬಡಗಿಗಳ ಮರವಜ್ರ ಕಾಯಿಸುವರು. ದನದ ಚರ್ಮದಿಂದ ತೆಗೆದ ಆ ಅಂಟಿನ ವಾಸನೆಗೆ ಬೀದಿನಾಯಿಗಳು ಬಾಗಿಲಲ್ಲಿ ಸಭೆ ಸೇರುತ್ತಿದ್ದವು. ಅಂಟಿಸಿದ ಹಲಗೆಯ ಮೇಲೆ ಎರಡು ದಿನ ರುಬ್ಬುಗುಂಡು ಹೇರಿಡುವರು.

"ದೋಸೆಗೆ ಅಕ್ಕಿ ನೆನೆಹಾಕಿದೀನಿ, ಗುಂಡು ಕೊಡ್ರೀ," ಎನ್ನುವಳು ಅಕ್ಕ.

"ನಾಳಿದ್ದು ಮುಟ್ಟು. ಈಗ ಎತ್ತಿದ್ರೆ ಬ್ಯಾಟು ಸೊಟ್ಟಗಾಯ್ತದೆ."

ನನಗೆ ನೆನಪಿರುವಂತೆ ಆ ಮನೆಯಲ್ಲಿ ನಾನು ಎಷ್ಟೋ ಸಲ ದೋಸೆಯ ಆಸೆ ಇಟ್ಟುಕೊಂಡು ಹೋಗಿ ಅನ್ನ ಸಾರು ಉಂಡು ಬಂದಿದ್ದೇನೆ.

ಅಕ್ಕ ಎಲ್ಲವನ್ನೂ ಸಹಿಸಿದಳು, ಒಂದನ್ನು ಬಿಟ್ಟು. ಭಾವ ಅಕ್ಕಸಾಲಿಯ ಅಂಗಡಿಗೆ ಪದೇ ಪದೇ ಹೋಗುತ್ತಾರೆಂಬ ಸುದ್ದಿ ಯಾರೋ ಅವಳ ಕಿವಿಗೆ ಹಾಕಿದರು. ಗೌರಿಹಬ್ಬ ಹತ್ತಿರದಲ್ಲಿತ್ತು. ಅಕ್ಕ ಏನೂ ಕೇಳದೆ ಒಳಗೊಳಗೇ ಹಿಗ್ಗುತ್ತ, ಗಂಡನಿಗೆ ಮೂರು ದಿನ ತುಪ್ಪ ಹೆಚ್ಚಾಗಿಯೇ ಬಡಿಸಿದಳು. ನಾಲ್ಕನೆಯ ದಿನ ತಡೆಯಲಾರದೆ, "ಎಷ್ಟು ತೂಕ ಬಂತ್ರೀ?" ಎಂದಳು.

"ಸರಿಯಾಗಿ ಎಂಬತ್ತೈದು ಗ್ರಾಂ!" ಎಂದರು ಭಾವ, ಮುಖ ಅರಳಿಸಿಕೊಂಡು.

ಅಕ್ಕ ಗೋಡೆ ಹಿಡಿದುಕೊಂಡು ಕುಸಿದು ಕೂತಳು. ಎಂಬತ್ತೈದು ಗ್ರಾಂ ಚಿನ್ನ! ಭಾವ ಕಂಕುಳಲ್ಲಿದ್ದ ಟವೆಲ್ಲಿನ ಗಂಟು ಬಿಚ್ಚಿ ಅದರೊಳಗಿಂದ ಬ್ಯಾಟು ತೆಗೆದರು. ತಕ್ಕಡಿ ಚೆನ್ನಾಗಿರುವುದು ಊರಿನಲ್ಲಿ ಅಕ್ಕಸಾಲಿಯ ಹತ್ತಿರ ಮಾತ್ರವಂತೆ! ಆ ಗೌರಿಹಬ್ಬದಲ್ಲಿ ಅಕ್ಕ ಗೌರಿಯ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಮಾತಾಡಲಿಲ್ಲ.

ಬ್ಯಾಟು ಮಾಡಿದ ಮೇಲೆ ಆಡಿ ನೋಡಬೇಡವೆ? ಕ್ಲಬ್ಬಿನ ಮೇಜು ಸದಾ ಸಿಗುತ್ತಿರಲಿಲ್ಲ. ಮನೆಯಲ್ಲಿ ಕೊಬ್ಬರಿಗೆಂದು ಕಾಯಿ ಒಣಗಿಸುವ ಅಟ್ಟದ ಕೆಳಗೆ ಎರಡು ಬಾಗಿಲು ಜೋಡಿಸಿ, ಹಸಿರು ಬಣ್ಣ ಬಳಿದು, ಮೇಜು ಮಾಡಿಯೇಬಿಟ್ಟರು. ಒಂದು ಬಾಗಿಲು ಹಳೆಯ ಕೊಟ್ಟಿಗೆಯದು. ಇನ್ನೊಂದು? ಬಚ್ಚಲಿನದು! ಆಮೇಲೆ ಎರಡು ವರ್ಷ ಬಚ್ಚಲಿಗೆ ಗೋಣಿತಾಟಿನ ಪರದೆ. ಒಳಗೆ ಹೋದವರು ನಿಲ್ಲಿಸದೆ ಹಾಡು ಹೇಳುತ್ತಿರಬೇಕು. ಹಾಡು ಬಾರದ ನಮ್ಮಪ್ಪ ಮಗಳ ಮನೆಗೆ ಹೋದಾಗ ಮಗ್ಗಿ ಹೇಳುತ್ತ ಸ್ನಾನ ಮಾಡುತ್ತಿದ್ದರು.

ಇಷ್ಟೆಲ್ಲ ನಗುತ್ತೇನೆ, ನಿಜ. ಆದರೆ ಆ ಬ್ಯಾಟುಗಳನ್ನು ನೀವು ನೋಡಬೇಕಿತ್ತು. ಅಂಚನ್ನು ಕಣ್ಣು ಮುಚ್ಚಿಕೊಂಡು ಸವರಿದರೆ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯುತ್ತಿರಲಿಲ್ಲ. ಹಿಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ, ಕೊನೆಗೆ ತಮ್ಮ ಅಂಗೈಯಲ್ಲೇ ಉಜ್ಜುತ್ತಿದ್ದರು. ಯಾರೂ ಕಲಿಸಿದ್ದಲ್ಲ, ಪುಸ್ತಕ ನೋಡಿದ್ದಲ್ಲ. ತಿಪಟೂರಿನಿಂದ ಆಟಗಾರರು ಬಸ್ಸು ಹತ್ತಿ ಬಂದು ಕೇಳಿಕೊಂಡು ಒಯ್ಯುತ್ತಿದ್ದರು. ಯಾರಿಗೂ ಇಲ್ಲ ಎಂದವರಲ್ಲ. ಹೊರಡುವ ಮುಂಚೆ ಹತ್ತು ಸಲ ಚೆಂಡು ಹೊಡೆದು ತೋರಿಸಬೇಕು, ಅಷ್ಟೆ. ಭಾವ ಕಣ್ಣು ಮುಚ್ಚಿ ಕೇಳುವರು. ಸದ್ದು ಸರಿಯಿಲ್ಲದಿದ್ದರೆ ಬ್ಯಾಟು ಕಿತ್ತುಕೊಂಡು, "ಹದಿನೈದು ದಿನ ಬಿಟ್ಟು ಬನ್ನಿ," ಎಂದು ಬರಿಗೈಯಲ್ಲಿ ಕಳಿಸುವರು. ನಮ್ಮ ಕಡೆ ಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ಎಲ್ಲರೂ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತೇವೆ. ಭಾವ ಹಲಗೆಯನ್ನು ಕೇಳುತ್ತಿದ್ದರು.

ಮತ್ತೆ ಆಟ? ಅದನ್ನೊಂದು ಕೇಳಬೇಡಿ. ಅಷ್ಟು ಒಳ್ಳೆಯ ಬ್ಯಾಟು ಮಾಡುವವರು ಅಷ್ಟು ಕೆಟ್ಟದಾಗಿ ಆಡುವುದನ್ನು ತುರುವೇಕೆರೆ ಅದುವರೆಗೂ ಕಂಡಿರಲಿಲ್ಲ. ಚೆಂಡು ಮೇಜಿಗೆ ಬಿದ್ದರೆ ಎದುರಿಗಿದ್ದವರು ಚಪ್ಪಾಳೆ ತಟ್ಟುತ್ತಿದ್ದರು.

ಇಂಥ ಮನುಷ್ಯ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಹಂದನಕೆರೆಗೆ ಬಂದು ನಮ್ಮಪ್ಪನ ಮುಂದೆ ನಿಂತರು. ನನ್ನ ವಿಷಯವನ್ನು ಈಗ ಹೇಳಬೇಕು. ನನಗಾಗ ಇಪ್ಪತ್ತೊಂದು ವರ್ಷ. ಮದುವೆಯಾಗಿ ಒಂದೂವರೆ ವರ್ಷಕ್ಕೆ ನನ್ನ ಗಂಡ ಕಾಮಾಲೆಯಲ್ಲಿ ಹೋಗಿಬಿಟ್ಟರು. ಎಂಟೇ ದಿನದ ಕಾಯಿಲೆ. ತವರಿಗೆ ಕರೆತಂದ ಮೇಲೆ ನಾನು ಹಿಂದಿನ ಕೋಣೆ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಮಾತು ನಿಂತೇಹೋಗಿತ್ತು. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದೆ. ಅಮ್ಮ ನನ್ನ ತಟ್ಟೆಯ ಮುಂದೆ ಕೂತು ಅಳುತ್ತಿದ್ದರು.

ಭಾವ ಅಪ್ಪನಿಗೆ ಹೇಳಿದ್ದು ಕೋಣೆಯೊಳಗೆ ಕೇಳಿಸಿತು. "ಮಾವ, ಇವಳನ್ನ ನನ್ ಜೊತೆ ಕಳಿಸಿ. ಎಡಗೈ ಬ್ಯಾಟು ಮಾಡ್ಬೇಕು. ನಮ್ಮೂರಲ್ಲಿ ಎಡಗೈಯೋರು ಒಬ್ಬರೂ ಸಿಕ್ತಿಲ್ಲ."

ನಾನು ಹುಟ್ಟಾ ಎಡಗೈಯವಳು. ಬರೆಯುವುದು, ತರಕಾರಿ ಹೆಚ್ಚುವುದು ಎಲ್ಲ ಅದರಲ್ಲೇ.

ಅಪ್ಪ ಸಿಡಿದರು. "ಏನ್ರೀ ಅಳಿಯಂದಿರೇ, ಬುದ್ಧಿ ನೆಟ್ಟಗೈತಾ? ಗಂಡ ಸತ್ತು ಆರು ತಿಂಗಳಾಗಿಲ್ಲ, ಚೆಂಡಾಟಕ್ಕೆ ಕರೀತೀರಾ?"

"ಆಟ ಅಲ್ಲ ಮಾವ, ಪರೀಕ್ಷೆ. ಎಡಗೈಯೋರಿಗೆ ಒಳಗಿನ ಪದರದ ಎಳೆ ತಿರುಗಿಸಿ ಹಾಕ್ಬೇಕು. ಸರಿ ಬಂತಾ ಇಲ್ವಾ ಅಂತ ಎಡಗೈಯೋರೇ ಹೇಳ್ಬೇಕು. ನನ್ನ ಕೆಲ್ಸ ಆರು ತಿಂಗಳಿಂದ ನಿಂತೈತೆ."

ಅಪ್ಪ ಬಯ್ದರು. ಭಾವ ಜಗಲಿಯ ಮೇಲೆ ಕೂತೇ ಇದ್ದರು. ಮಧ್ಯಾಹ್ನವಾದರೂ ಏಳಲಿಲ್ಲ, ಊಟಕ್ಕೂ ಬರಲಿಲ್ಲ. ಕೊನೆಗೆ ಅಮ್ಮನೇ ನನ್ನ ಎರಡು ಸೀರೆ ಚೀಲಕ್ಕೆ ಹಾಕಿ, "ಹೋಗಿದ್ ಬಾ ಮಗಾ. ಹುಚ್ಚಪ್ಪ, ಬಿಡೋ ಜನ ಅಲ್ಲ," ಎಂದರು.

ತುರುವೇಕೆರೆಯಲ್ಲಿ ಮೊದಲ ದಿನವೇ ಬಿಸಿ ರಾಗಿಮುದ್ದೆಯೊಂದನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಅದುಮು," ಎಂದರು. ಹಿಡಿ ಎಷ್ಟು ದಪ್ಪ ಬೇಕೆಂದು ದಾರ ಸುತ್ತಿ ಅಳೆದು, ಆ ಮುದ್ದೆಯನ್ನು ತಾವೇ ಉಂಡರು. ಹತ್ತು ದಿನಕ್ಕೆ ಬ್ಯಾಟು ಸಿದ್ಧವಾಯಿತು. ದಿನಾ ಸಂಜೆ ಆಸ್ಪತ್ರೆಯಿಂದ ಬಂದವರೇ ಆ ಬಾಗಿಲ ಮೇಜಿನ ಎದುರು ನಿಲ್ಲುವರು. ನಾನು ಚೆಂಡಿಗೆ ಕೈ ಬೀಸಬೇಕು. ಬೀಸಿದ ಮೇಲೆ ಹೇಳಬೇಕು. ನಾನು ತಲೆಯಾಡಿಸಿದರೆ ಒಪ್ಪುತ್ತಿರಲಿಲ್ಲ.

"ತಲೆ ಆಡ್ಸಿದ್ರೆ ಏನಂತ ಬರ್ಕೊಳ್ಳಲಿ? ಬಾಯಿ ಬಿಟ್ಟು ಹೇಳು ಕಣಮ್ಮ. ಚೆಂಡು ಕೈಗೆ ಹೆಂಗೆ ಅನ್ನಿಸ್ತು?"

"ಮೆತ್ತಗೆ."

"ಎಷ್ಟು ಮೆತ್ತಗೆ? ಇಡ್ಲಿಯಷ್ಟಾ, ಕಡುಬಿನಷ್ಟಾ?"

"ಇಡ್ಲಿ."

ಅದನ್ನು ಅವರು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ದಿನಕ್ಕೆ ಒಂದು ಮಾತು ಎರಡಾಯಿತು, ಎರಡು ಹತ್ತಾಯಿತು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ನಿಂತು, "ಮುಂಡೆಗೆ ಚೆಂಡಾಟ ಬೇರೆ ಕೇಡು," ಎಂದದ್ದು ಒಂದು ದಿನ ನನಗೂ ಕೇಳಿಸಿತು, ಭಾವನಿಗೂ ಕೇಳಿಸಿತು. ನಾನು ಬ್ಯಾಟನ್ನು ಮೇಜಿನ ಮೇಲಿಟ್ಟೆ. ಭಾವ ದಾರದ ಉಂಡೆ ಹಿಡಿದು ಕಿಟಕಿಗೆ ಹೋಗಿ, ಬಹಳ ವಿನಯದಿಂದ, "ಬನ್ನಿ ಅಮ್ಮಾ, ನಿಮ್ ಕೈಯನ್ನೂ ಅಳೀತೀನಿ. ಬಲಗೈಯೋ, ಎಡಗೈಯೋ?" ಎಂದರು. ಆಕೆ ಮತ್ತೆಂದೂ ಆ ಕಿಟಕಿಗೆ ಬರಲಿಲ್ಲ.

ಒಂದು ಸಂಜೆ ನಾನು ಹೊಡೆದ ಚೆಂಡು ಅಟ್ಟಕ್ಕೆ ಹಾರಿತು. ಭಾವ ಏಣಿ ಹತ್ತಿ, ಒಣಕಾಯಿಗಳ ರಾಶಿಯಲ್ಲಿ ತಡಕಾಡಿದರು. ಎಲ್ಲಿ ಕೈ ಇಟ್ಟರೋ, ಕಾಯಿಗಳು ಒಂದರ ಹಿಂದೊಂದು ದಬದಬನೆ ಉರುಳತೊಡಗಿದವು. ಭಾವ ಹಿಡಿಯಲು ಹೋಗಿ ಸೊಂಟದವರೆಗೆ ಕಾಯಲ್ಲಿ ಹೂತುಕೊಂಡು, "ಚೆಂಡು ಸಿಕ್ತು, ನಾನೇ ಸಿಕ್ತಿಲ್ಲ!" ಎಂದು ಕೂಗಿದರು. ನನಗೆ ನಗು ಬಂತು. ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕೆ. ಅಕ್ಕ ಅಡಿಗೆಮನೆಯಿಂದ ಓಡಿಬಂದಳು. ಅವಳು ಓಡಿಬಂದದ್ದು ಕಾಯಿ ಬಿದ್ದ ಸದ್ದಿಗಲ್ಲ. ಸೌಟು ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ನಾನು ಟೀಚರ್ ಟ್ರೈನಿಂಗಿಗೆ ಸೇರಿದೆ. ಅರ್ಜಿ ತಂದವರೂ ಭಾವನೇ. ತಿಪಟೂರಿನಲ್ಲಿ ಹುಡುಗಿಯರ ಶಾಲೆಯಲ್ಲಿ ಕೆಲಸವಾಯಿತು. ಶಾಲೆಯ ಮಕ್ಕಳಿಗೆ ಟೇಬಲ್ ಟೆನ್ನಿಸ್ ಕಲಿಸಿದೆ. ಹತ್ತು ಹನ್ನೆರಡು ವರ್ಷವೇ ಕಳೆದಿರಬೇಕು. ಬೆಂಗಳೂರಿನಿಂದ ಒಬ್ಬರು ಕೋಚು ಶಾಲೆಗೆ ಬಂದಿದ್ದರು. ನಮ್ಮಲ್ಲಿ ಎಡಗೈಯ ಹುಡುಗಿಯೊಬ್ಬಳಿದ್ದಳು. ಭಾವ ಮಾಡಿಕೊಡುವವರೆಗೆ ಅವಳಿಗೊಂದು ಎಡಗೈ ಬ್ಯಾಟು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿಚಾರಿಸಿದೆ. ಅವರು ನಕ್ಕರು.

"ಈ ಬ್ಯಾಟಿಗೆ ಎಡಗೈ ಬಲಗೈ ಅಂತ ಇಲ್ಲವೇ ಇಲ್ಲ ಮೇಡಂ. ಯಾವ ಕೈಗಾದರೂ ಒಂದೇ."

ನಾನು ಆ ಭಾನುವಾರವೇ ತುರುವೇಕೆರೆಯ ಬಸ್ಸು ಹತ್ತಿದೆ. ಭಾವ ಹಿತ್ತಲಲ್ಲಿ ಕೂತು ಹೊಸ ಹಲಗೆಗೆ ಪದರ ಕೂಡಿಸುತ್ತಿದ್ದರು. ಕೂದಲು ನೆರೆತಿತ್ತು.

"ಭಾವ, ಎಡಗೈ ಬ್ಯಾಟು ಅಂತ ಇಲ್ವಂತಲ್ಲ?"

"ಯಾರಂದೋರು?"

"ಕೋಚು. ಬೆಂಗಳೂರಿನೋರು."

"ಹಂಗಾದ್ರೆ ಅವ್ರಿಗೆ ಗೊತ್ತಿರ್ತದೆ ಬುಡು," ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು.

"ಮತ್ಯಾಕೆ ಹಂಗೆ ಸುಳ್ಳು ಹೇಳಿದ್ರಿ?"

"ಸುಮ್ನೆ ಬಾ ಅಂದಿದ್ರೆ ಬತ್ತಿದ್ದಾ ನೀನು?"

ಅವರ ಪಕ್ಕದಲ್ಲೇ ಕೂತೆ. ಕಣ್ಣು ತುಂಬಿ ತುಳುಕಿತು. ಭಾವ ಒಂದು ಕ್ಷಣ ನನ್ನನ್ನು ನೋಡಿದರು, ಆಮೇಲೆ ತೊಡೆಯ ಮೇಲಿದ್ದ ಹಲಗೆಯನ್ನು ಮೆಲ್ಲಗೆ ಆಚೆ ಸರಿಸಿಕೊಂಡರು.

"ಅತ್ಲಾಗೆ ತಿರುಕ್ಕೊಂಡು ಅಳು ಕಣಮ್ಮ. ಈಗಷ್ಟೇ ಅಂಟು ಹಾಕಿದೀನಿ."